ಥೈರಾಯ್ಡ್ ಮಾತ್ರೆ ತಪ್ಪಿಸಿಲ್ಲ, ಆದರೂ ಚಳಿ ಶುರುವಾದರೆ ಏಳೋಕೇ ಆಗದಷ್ಟು ಸುಸ್ತು. ಯಾರಿಗಾದರೂ ಹೀಗಾಗಿದೆಯಾ?

ಕಾಫಿಕಣ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ತೋಟ. ನನಗೆ 44 ವಯಸ್ಸು. ಎರಡನೇ ಮಗು ಆದಮೇಲೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಯ್ತು, ಆಗಿನಿಂದ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೇನೆ. ಈಗ 75 ಮೈಕ್ರೋಗ್ರಾಂ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಚೆನ್ನಾಗೇ ಇರುತ್ತೇನೆ. ದೀಪಾವಳಿ ಮುಗಿದು ಬೆಳಗ್ಗೆ ಮಂಜು ಮುಸುಕೋಕೆ ಶುರುವಾದರೆ ಸಾಕು, ಮೈ ನನ್ನದಲ್ಲ ಅನ್ನಿಸುತ್ತೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ, ಜಾಸ್ತಿನೇ ಬರುತ್ತೆ. ಆದರೂ ಬೆಳಗ್ಗೆ 11 ಗಂಟೆ ತನಕ ತಲೆ ಭಾರ, ಕಣ್ಣು ಎಳೆಯುತ್ತೆ, ಬಾಯಿ ಒಣಗಿರುತ್ತೆ.

ಈಗ ಕಾಫಿ ಕೊಯ್ಲು ನಡೆಯುತ್ತಿದೆ. ಸಂಜೆ ಹಣ್ಣು ತೂಕ ಹಾಕಿ ಯಾರು ಎಷ್ಟು ಕೆಜಿ ಬಿಡಿಸಿದರು ಅಂತ ಪುಸ್ತಕಕ್ಕೆ ಬರೆಯೋದು ನನ್ನ ಕೆಲಸ. ನಿನ್ನೆ ಒಂದೇ ಸಾಲನ್ನು ಎರಡು ಮೂರು ಸಲ ಓದಬೇಕಾಯ್ತು. ತಲೆಗೇ ಹತ್ತುತ್ತಿಲ್ಲ.

ಆಗಸ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ, ಮಾತ್ರೆ ಸಾಲದಿದ್ದರೆ ಇದು ಏರುತ್ತೆ) ಮಾಡಿಸಿದಾಗ 3.1 ಇತ್ತು, ಸರಿಯಾಗಿದೆ ಅಂದರು. ಮನೆಯವರು “ಚಳಿಗೆ ಎಲ್ಲರಿಗೂ ಹಾಗೇ, ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೋಗುತ್ತೆ, ನೀನೂ ಸರಿಹೋಗ್ತೀಯ” ಅಂತಾರೆ. ಅತ್ತೆ ಬಾಯಿಬಿಟ್ಟು ಏನೂ ಅನ್ನಲ್ಲ, ಆದರೆ ನಾನು ತಡವಾಗಿ ಎದ್ದ ದಿನ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತವೆ. ಮಾತ್ರೆ ಡೋಸ್ ಜಾಸ್ತಿ ಮಾಡಿಸಬೇಕಾ? ಅಥವಾ ಇದು ಬರೀ ಚಳಿಯಾ?

ಹುಬ್ಬಳ್ಳಿ ಹವಾ

ಅಕ್ಕಾ, ನಿಮ್ಮ ಪಾತ್ರೆ ಸದ್ದಿನ ಸಾಲು ಓದಿ ನಗು ಬಂತು, ನಮ್ಮ ಮನೆಯಲ್ಲೂ ಅದೇ ಕಥೆ ರೀ. ನನಗೆ ಬಿಪಿಗೆ ಮೆಟೊಪ್ರೊಲಾಲ್ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಬೆರಳು ಮಂಜುಗಡ್ಡೆ ಆಗುತ್ತವೆ, ಮೆಟ್ಟಿಲು ಹತ್ತಿದರೆ ಕಾಲಲ್ಲಿ ಶಕ್ತಿನೇ ಇರಲ್ಲ. ಕೇಳಿದಾಗ ಡಾಕ್ಟರು ಹೇಳಿದ್ದು: ಈ ಗುಂಪಿನ ಮಾತ್ರೆ ಎದೆಬಡಿತವನ್ನು ಸ್ವಲ್ಪ ನಿಧಾನ ಮಾಡುತ್ತೆ, ಕೈಕಾಲಿಗೆ ಹೋಗುವ ರಕ್ತವೂ ಕಡಿಮೆ ಆಗಬಹುದು, ಚಳಿಗೆ ರಕ್ತನಾಳಗಳು ಮೊದಲೇ ಬಿಗಿದಿರುತ್ತವೆ, ಎರಡೂ ಸೇರಿದರೆ ಹೀಗೆ ಅಂತ. ಹಾಗಂತ ಅದನ್ನು ದಿಢೀರ್ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿ ಕಳಿಸಿದರು. ಒಮ್ಮೆಲೇ ಬಿಟ್ಟರೆ ಎದೆಬಡಿತ, ಬಿಪಿ ಎರಡೂ ಎಗರುತ್ತವೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ. ನಿಮ್ಮದು ಥೈರಾಯ್ಡ್ ಮಾತ್ರೆ, ಬೇರೆ ವಿಷಯ. ಸುಮ್ನೆ ಹೇಳಿದೆ.

ನಿವೃತ್ತ ಸಿಸ್ಟರ್

ಕಾಫಿಕಣ ಅವರೇ, ಡೋಸ್ ವಿಷಯ ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಬೆಳಗ್ಗೆ ಎದ್ದಾಗಿಂದ ಮಲಗುವ ತನಕ ಬಾಯಿಗೆ ಹೋಗುವ ಎಲ್ಲಾ ಮಾತ್ರೆ, ಸಿರಪ್ಪು, ಪುಡಿ, ಲೇಹ್ಯ, ಕಷಾಯ, ಕೂದಲು ಉದುರೋದಕ್ಕೆ ಅಂತ ಯಾರೋ ಕೊಟ್ಟ ಕ್ಯಾಪ್ಸೂಲ್ ಇದ್ದರೆ ಅದೂ ಸೇರಿ, ಗಂಟೆ ಸಮೇತ ಇಲ್ಲಿ ಬರೆಯಿರಿ. “ದಿನಾ ಅಲ್ಲ, ಬೇಕಾದಾಗ ಮಾತ್ರ” ಅನ್ನುವುದನ್ನು ಮೊದಲು ಬರೆಯಿರಿ. ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಏನು ಮಾತ್ರೆ ತಗೊಳ್ತೀರಿ ಅಂತ ಕೇಳಿದರೆ ಜನ ಬಿಪಿ, ಶುಗರ್, ಥೈರಾಯ್ಡ್ ಹೇಳುತ್ತಾರೆ. ನೆಗಡಿ ಮಾತ್ರೆಯನ್ನು ಯಾರೂ ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯಲ್ಲ.

ಕಾಫಿಕಣ

ಸರಿ ಸಿಸ್ಟರ್, ಬರೀತೀನಿ.

ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಬರೀ ಬಿಸಿನೀರಲ್ಲಿ. ಮುಕ್ಕಾಲು ಗಂಟೆ ಬಿಟ್ಟು ಕಾಫಿ. ತಿಂಡಿ ಆದಮೇಲೆ, ಎಂಟೂವರೆ ಹೊತ್ತಿಗೆ, ಕ್ಯಾಲ್ಸಿಯಂ. ಮಂಡಿನೋವಿಗೆ ಅಂತ ಈ ಸಲ ಮಳೆಗಾಲ ಮುಗಿದಮೇಲೆ ಕೊಟ್ಟಿದ್ದು. ತಂಗಿ ಬೆಂಗಳೂರಿಂದ ಕೂದಲಿಗೆ ಅಂತ ಬಯೋಟಿನ್ ಕ್ಯಾಪ್ಸೂಲ್ ತಂದಿದ್ದಾಳೆ, ಅದು ಮಧ್ಯಾಹ್ನ ಊಟ ಆದಮೇಲೆ. ರಾತ್ರಿ ಹತ್ತೂವರೆಗೆ ಅಲರ್ಜಿ ಮಾತ್ರೆ. ಮಂಜು, ತೋಟದ ಧೂಳು, ಕಣದಲ್ಲಿ ಒಣಗಿಸುವ ಕಾಫಿ, ಎಲ್ಲಾ ಸೇರಿ ಸೀನು ನಿಲ್ಲಲ್ಲ. ಹಾಸನದಲ್ಲಿ ಕಿವಿ ಮೂಗು ಗಂಟಲು ಡಾಕ್ಟರು ಹೋದ ವರ್ಷ ಬರೆದುಕೊಟ್ಟಿದ್ದರು, ಮೊಂಟೆಲುಕಾಸ್ಟ್ ಲೆವೊಸೆಟಿರಿಜಿನ್ ಅಂತ ಇದೆ. ನವೆಂಬರ್‌ನಿಂದ ಹೆಚ್ಚುಕಡಿಮೆ ದಿನಾ ತೆಗೆದುಕೊಳ್ಳುತ್ತೇನೆ.

ಆಮೇಲೆ ಮೂಗು ಪೂರ್ತಿ ಕಟ್ಟಿದ ದಿನ ಪೇಟೆಯ ಮೆಡಿಕಲ್‌ನಲ್ಲಿ ಕೊಡುವ ಶೀತದ ಮಾತ್ರೆ ಒಂದೋ ಎರಡೋ. ಅದನ್ನು ದಿನಾ ಅಂತ ಇಲ್ಲ.

ಔಷಧಿ ಅಂಗಡಿ

ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ, ಡಿ ಫಾರ್ಮಾ ಓದಿದ್ದೇನೆ. ನಾನು ಡಾಕ್ಟರಲ್ಲ, ಆದರೆ ಈ ಪಟ್ಟಿ ನೋಡಿದರೆ ಯಾವ ಫಾರ್ಮಸಿಸ್ಟಿನ ಕಣ್ಣೂ ಕೊನೆಯ ಎರಡು ಸಾಲಿನ ಮೇಲೇ ನಿಲ್ಲುತ್ತೆ. ಥೈರಾಯ್ಡ್ ಮಾತ್ರೆ ಮೇಲಲ್ಲ.

ಮೇಡಂ, ಆ ಶೀತದ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಬಹುತೇಕ ಅದರಲ್ಲಿ ಮೂರು ಹೆಸರು ಇರುತ್ತವೆ: ಪ್ಯಾರಾಸಿಟಮಾಲ್, ಫೀನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಮೂರನೆಯದೇ ಮುಖ್ಯ. ಲೆವೊಸೆಟಿರಿಜಿನ್ ಮತ್ತು ಕ್ಲೋರ್‌ಫೆನಿರಮಿನ್ ಎರಡೂ ಮಾಡುವ ಕೆಲಸ ಒಂದೇ, ಹಿಸ್ಟಮೀನ್ ತಡೆಯೋದು. ಹೆಸರು ಬೇರೆ, ಬಣ್ಣ ಬೇರೆ, ರೇಟು ಬೇರೆ. ನೀವು ಒಂದೇ ಜಾತಿಯ ಎರಡು ಔಷಧಿ ಒಟ್ಟಿಗೆ ನುಂಗಿದ ಹಾಗಾಯ್ತು.

ಹಿಸ್ಟಮೀನ್ ಮೂಗಿನಲ್ಲಿ ಸೀನು ತರಿಸುತ್ತೆ, ಸರಿ. ಆದರೆ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿ ಇಡುವ ಕೆಲಸವೂ ಅದರದ್ದೇ. ಕ್ಲೋರ್‌ಫೆನಿರಮಿನ್ ಹಳೇ ಕಾಲದ ಔಷಧಿ, ಸಲೀಸಾಗಿ ಮೆದುಳಿಗೆ ಹೋಗುತ್ತೆ. ದೊಡ್ಡವರ ಮೈಯಲ್ಲಿ ಅದು ಅರ್ಧಕ್ಕೆ ಇಳಿಯೋಕೇ ಸುಮಾರು 20 ಗಂಟೆ ಬೇಕು. ಲೆವೊಸೆಟಿರಿಜಿನ್ ಹೊಸದು, ಅಷ್ಟು ಮಂಪರು ಇಲ್ಲ, ಆದರೂ ಕೆಲವರಿಗೆ ಚೆನ್ನಾಗೇ ನಿದ್ದೆ ಎಳೆಯುತ್ತೆ. ಅದು ಅರ್ಧ ಇಳಿಯೋಕೆ 8 ಗಂಟೆ ಹತ್ತಿರ. ರಾತ್ರಿ ಹತ್ತೂವರೆಗೆ ನುಂಗಿ ಬೆಳಗ್ಗೆ 6ಕ್ಕೆ ಎದ್ದರೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಮೈಯಲ್ಲೇ ಇರುತ್ತೆ. 11 ಗಂಟೆ ತನಕ ತಲೆ ಭಾರ, ಬಾಯಿ ಒಣಗುವುದು ಅಂದಿರಲ್ಲ, ಲೆಕ್ಕ ಹಾಕಿ ನೋಡಿ.

ಲೆವೊಸೆಟಿರಿಜಿನ್ ಮೂತ್ರದಲ್ಲಿ ಹೊರಹೋಗುವ ಔಷಧಿ. ಕಿಡ್ನಿ ದುರ್ಬಲ ಇದ್ದವರಲ್ಲಿ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತೆ.

ಇನ್ನೊಂದು ಮಾತು. ಫೀನೈಲೆಫ್ರಿನ್ ಮಾತ್ರೆ ರೂಪದಲ್ಲಿ ಮೂಗು ಬಿಡಿಸೋದೇ ಅನುಮಾನ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲಿ ಇದು ಕೆಲಸ ಮಾಡಲ್ಲ ಅಂತ ಹೇಳಿತು, 2024ರಲ್ಲಿ ಎಫ್‌ಡಿಎ ಬಾಯಿಂದ ನುಂಗುವ ರೂಪವನ್ನು ಶೀತದ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವವನ್ನೂ ಮುಂದಿಟ್ಟಿತು. ನಮ್ಮಲ್ಲಿ ಕ್ಲೋರ್‌ಫೆನಿರಮಿನ್, ಫೀನೈಲೆಫ್ರಿನ್ ಸೇರಿದ ಔಷಧಿಯನ್ನು 4 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಔಷಧ ನಿಯಂತ್ರಕರ ಸೂಚನೆ ಬಂತು. ಅಂದರೆ ಮೂಗು ಬಿಡಿಸೋದು ಅಷ್ಟಕ್ಕಷ್ಟೇ, ನಿದ್ದೆ ಬರಿಸೋದು ಮಾತ್ರ ಗ್ಯಾರಂಟಿ. ನನ್ನ ಅಂಗಡಿಯಲ್ಲೂ ಮಾಗಿ ಬಂದರೆ ಜಾಸ್ತಿ ಓಡುವ ಮಾಲು ಇದೇ, ಸುಳ್ಳು ಯಾಕೆ ಹೇಳಲಿ.

ಹುಬ್ಬಳ್ಳಿ ಹವಾ

ಮಾಲಕರೇ ತಮ್ಮ ಮಾಲಿನ ಬಗ್ಗೆ ಹೀಗೆ ಬರೆದರೆ ಹೆಂಗ್ರೀ 😄

ಕಾಫಿಕಣ

ಈಗ ತಾನೇ ಸ್ಟ್ರಿಪ್ ತಿರುಗಿಸಿ ನೋಡಿದೆ, ಕನ್ನಡಕ ಹಾಕಿಕೊಂಡೂ ಮೊಬೈಲ್ ಟಾರ್ಚ್ ಬಿಡಬೇಕಾಯ್ತು. ನೀವು ಹೇಳಿದ ಮೂರೂ ಇವೆ. ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ.

ಒಂದು ಭಯ ಆಯ್ತು. ನಮ್ಮ ಮನೆಯವರೂ ಇದೇ ಮಾತ್ರೆ ನುಂಗಿ ಬೆಳಗಿನ ಜಾವ ಶಿರಾಡಿ ಘಾಟಿನಲ್ಲಿ ಜೀಪ್ ಇಳಿಸಿಕೊಂಡು ಮಂಗಳೂರಿಗೆ ಹೋಗುತ್ತಾರೆ. ಮಂಜಲ್ಲಿ ಎದುರಿಗೆ ಬರುವ ಲಾರಿಯೇ ಕಾಣಲ್ಲ.

ಔಷಧಿ ಅಂಗಡಿ

ಘಾಟಿ ಇಳಿಯುವ ದಿನ, ಅದರ ಹಿಂದಿನ ರಾತ್ರಿ ಬೇಡವೇ ಬೇಡ ಅಂತ ಹೇಳಿ. “ನನಗೆ ನಿದ್ದೆ ಬರಲ್ಲ” ಅನ್ನುವವರಿಗೂ ಕೈಕಾಲಿನ ಚುರುಕು ಕಡಿಮೆ ಆಗಿರುತ್ತೆ, ಅವರಿಗೇ ಗೊತ್ತಾಗಿರಲ್ಲ.

ಕಷಾಯಪ್ರಿಯ

ಇದಕ್ಕೇ ನಾನು ಹೇಳೋದು, ಇಂಗ್ಲಿಷ್ ಔಷಧಿ ಒಂದು ಕಡೆ ಸರಿ ಮಾಡಿದರೆ ಹತ್ತು ಕಡೆ ಕೆಡಿಸುತ್ತೆ. ಎಲ್ಲಾ ನಿಲ್ಲಿಸಿ ಮೇಡಂ. ಶುಂಠಿ, ಕಾಳುಮೆಣಸು, ದೊಡ್ಡಪತ್ರೆ, ಜ್ಯೇಷ್ಠಮಧು ಹಾಕಿ ದಿನಕ್ಕೆ ಮೂರು ಸಲ ಕಷಾಯ ಕುಡಿಯಿರಿ. ಥೈರಾಯ್ಡೂ ಹೋಗುತ್ತೆ, ಶೀತವೂ ಹೋಗುತ್ತೆ.

ನಿವೃತ್ತ ಸಿಸ್ಟರ್

ಕಷಾಯಪ್ರಿಯ ಅವರೇ, ಶುಂಠಿ ಮೆಣಸಿನ ಕಷಾಯ ನಾನೂ ಕುಡಿಯುತ್ತೇನೆ, ಗಂಟಲಿಗೆ ಹಿತ. ಆದರೆ ಥೈರಾಯ್ಡ್ ಮಾತ್ರೆ ನಿಲ್ಲಿಸಿ ಅಂತ ಗುರುತು ಪರಿಚಯ ಇಲ್ಲದವರಿಗೆ ಬರೆಯೋಕೆ ನಿಮಗೆ ಹೇಗೆ ಮನಸ್ಸು ಬಂತು? ಗ್ರಂಥಿ ಮಾಡದೇ ಬಿಟ್ಟ ಹಾರ್ಮೋನನ್ನೇ ಆ ಮಾತ್ರೆ ಕೊಡುತ್ತಿರುವುದು. ಹಾರ್ಮೋನ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಒಂದು ವಾರ ಬೇಕು, ಹಾಗಾಗಿ ನಿಲ್ಲಿಸಿದ ಮೊದಲ ದಿನಗಳಲ್ಲಿ ಏನೂ ಆಗಲ್ಲ, “ನೋಡಿ, ಮಾತ್ರೆ ಬೇಕೇ ಇರಲಿಲ್ಲ” ಅನ್ನಿಸುತ್ತೆ. ಆಮೇಲೆ ನಿಧಾನಕ್ಕೆ ಮುಖ ಊದುತ್ತೆ, ಮೈ ತಣ್ಣಗಾಗುತ್ತೆ, ಮಲಬದ್ಧತೆ, ಮರೆವು. ತೀರಾ ಮುಂದುವರಿದು ಚಳಿಗಾಲದಲ್ಲಿ ಪ್ರಜ್ಞೆ ತಪ್ಪಿ ಬಂದವರನ್ನು ನೋಡಿದ್ದೇನೆ.

ಜ್ಯೇಷ್ಠಮಧು ಬಗ್ಗೆ ಒಂದು ಮಾತು, ಬಿಪಿ ಇರುವವರು ಎಲ್ಲರೂ ಓದಿ. ಅದನ್ನು ದಿನವೂ ಜಾಸ್ತಿ ತೆಗೆದುಕೊಂಡರೆ ಬಿಪಿ ಏರುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತೆ. ಪೊಟ್ಯಾಸಿಯಂ ಇಳಿದರೆ ಬರುವುದು ಸುಸ್ತು, ಕಾಲಿನ ಸ್ನಾಯು ಸೋಲುವುದು. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ ಜೊತೆ ಇನ್ನೂ ಕೆಟ್ಟದ್ದು. ಅದೂ ಪಟ್ಟಿಯಲ್ಲಿ ಇರಬೇಕಾದ ಔಷಧಿಯೇ.

ಕಷಾಯಪ್ರಿಯ

ನಮ್ಮ ಅಜ್ಜಿ ಯಾವ ಮಾತ್ರೆನೂ ನುಂಗದೆ 90 ವರ್ಷ ಬದುಕಿದ್ದರು.

ನಿವೃತ್ತ ಸಿಸ್ಟರ್

ಸಂತೋಷ. ಅವರಿಗೆ ಥೈರಾಯ್ಡ್ ಇರಲಿಲ್ಲ ಅನ್ನಿಸುತ್ತೆ.

ತುಮಕೂರು ತೆಂಗು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವನು, ತುಂಬಾ ವರ್ಷದಿಂದ. ನಾವು ಶುದ್ಧ ಸಸ್ಯಾಹಾರಿಗಳು. ಹೋದ ಚಳಿಗಾಲದಲ್ಲಿ ಸುಸ್ತು, ಪಾದ ಜುಮ್ಮೆನ್ನುವುದು, ಚಳಿಗೆ ಮರಗಟ್ಟಿದೆ ಅಂತ ಸಾಕ್ಸ್ ಮೇಲೆ ಸಾಕ್ಸ್ ಹಾಕಿದ್ದೇ ಹಾಕಿದ್ದು. ಕೊನೆಗೆ ಬಿ12 ಮಾಡಿಸಿದರು, ತೀರಾ ಕೆಳಗೆ ಇತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆ ಆಗುತ್ತಂತೆ, ಮಾಂಸ ಮೊಟ್ಟೆ ತಿನ್ನದವರಲ್ಲಿ ಮೊದಲೇ ಅಷ್ಟಕ್ಕಷ್ಟೆ. ಇಂಜೆಕ್ಷನ್ ಕೊಟ್ಟರು. ಸುಸ್ತು ಹೋಯಿತು, ಪಾದ ಇನ್ನೂ ಸ್ವಲ್ಪ ಜುಮ್ಮೆನ್ನುತ್ತೆ. ನರದ ಭಾಗ ನಿಧಾನ ಅಂದರು. ಶುಗರ್ ಇರುವ ಸಸ್ಯಾಹಾರಿಗಳು ಒಮ್ಮೆ ನೋಡಿಸಿಕೊಳ್ಳಿ.

ಸ್ಟಾಕ್‌ಹೋಮ್ ಸೊಸೆ

ನಿಮ್ಮ ಮಂಜಿನ ಫೋಟೋ ಒಂದಾದರೂ ಹಾಕಿ ಕಾಫಿಕಣ, ಇಲ್ಲಿ ಕೂತು ಹೊಟ್ಟೆ ಉರಿದುಕೊಳ್ಳುತ್ತೇನೆ.

ನಮ್ಮ ಕಡೆ ಕಥೆ ಬೇರೆ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೆಳಕು ಇರೋದೇ 6 ಗಂಟೆ, ಮಧ್ಯಾಹ್ನ 3ಕ್ಕೆ ಸೂರ್ಯ ಮುಳುಗಿ ಆಯ್ತು. ಬೆಂಗಳೂರಲ್ಲಿ ವರ್ಷದ ಅತಿ ಸಣ್ಣ ಹಗಲೂ 11 ಗಂಟೆ ಮೀರುತ್ತೆ, ನಾವು ಅದನ್ನು ಭಾಗ್ಯ ಅಂತ ತಿಳಿದೇ ಇರಲಿಲ್ಲ. ನನಗೆ ಇಲ್ಲಿ ಎರಡನೇ ಚಳಿಗಾಲದಲ್ಲಿ ಖಿನ್ನತೆ ಅಂತ ಸರ್ಟ್ರಲಿನ್ ಶುರು ಮಾಡಿದರು. ಮೊದಲ ವಾರಗಳಲ್ಲಿ ಎಷ್ಟು ಸುಸ್ತು ಅಂದರೆ, ಇದು ಮಾತ್ರೆಯದಾ, ಕತ್ತಲಿನದಾ, ಖಿನ್ನತೆಯದಾ ಅಂತ ಬಿಡಿಸೋಕೇ ಆಗಲಿಲ್ಲ. ನನ್ನ ಡಾಕ್ಟರಿಗೂ ಆಗಲಿಲ್ಲ, ಆಕೆ ಅದನ್ನು ನೇರವಾಗಿ ಹೇಳಿದ್ದೇ ನನಗೆ ಇಷ್ಟವಾಯ್ತು.

ಚಳಿಗಾಲಕ್ಕೇ ಅಂತ ಬರುವ ಖಿನ್ನತೆ ಇದೆ, 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಯವರು ಅಮೆರಿಕದಲ್ಲಿ ಮೊದಲು ವಿವರಿಸಿದ್ದು. ಇದರಲ್ಲಿ ನಿದ್ದೆ ಜಾಸ್ತಿ, ಸಿಹಿ, ಅನ್ನ, ಬ್ರೆಡ್ ತಿನ್ನುವ ಆಸೆ ಜಾಸ್ತಿ, ಮೈ ಭಾರ. ಅದಕ್ಕೆ ಬೆಳಗ್ಗೆ ಎದ್ದ ತಕ್ಷಣ 10,000 ಲಕ್ಸ್ (ಬೆಳಕಿನ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕೂರಿಸುತ್ತಾರೆ. ನಾನು ಆ ದೀಪದ ಮುಂದೆ ಕೂತೇ ರೊಟ್ಟಿ ಹಿಟ್ಟು ಕಲಸುತ್ತೇನೆ, ದೀಪವನ್ನು ದಿಟ್ಟಿಸಬೇಕಾಗಿಲ್ಲ, ಬೆಳಕು ಕಣ್ಣಿಗೆ ಬೀಳಬೇಕು ಅಷ್ಟೆ. ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಖಿನ್ನತೆ ಎರಡರ ನಡುವೆ ತೂಗುವ ಕಾಯಿಲೆ) ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಈ ದೀಪ ಕೊಳ್ಳಬಾರದು, ಮನಸ್ಸು ಇನ್ನೊಂದು ತುದಿಗೆ ಏರಿಬಿಡಬಹುದು.

ನನ್ನ ವಿಷಯದಲ್ಲಿ ಮಾತ್ರೆಯನ್ನು ರಾತ್ರಿಯಿಂದ ಬೆಳಗ್ಗೆಗೆ ಬದಲಿಸಿದರು, ದೀಪ ಸೇರಿಸಿದರು. ಈಗ ಪರವಾಗಿಲ್ಲ. ಯಾವುದರಿಂದ ಸರಿಹೋಯಿತು ಅಂತ ಕೇಳಬೇಡಿ.

ಹುಬ್ಬಳ್ಳಿ ಹವಾ

ಸಕಲೇಶಪುರದವರಿಗೆ ದೀಪ ಬೇಡ ಬಿಡಿ, ಹತ್ತು ಗಂಟೆಗೆ ಮಂಜು ಹರಿದರೆ ಕಣದಲ್ಲಿ ನಿಂತರೆ ಆಯ್ತು. ನಮ್ಮ ಕಡೆ ವಿಟಮಿನ್ ಡಿ ಪುಡಿ ಅಂತ ಎಲ್ಲರೂ ಹಾಲಲ್ಲಿ ಕಲಸಿ ಕುಡಿಯುತ್ತಿದ್ದಾರೆ, ಅದು ಸುಸ್ತಿಗೆ ಒಳ್ಳೇದಾ?

ಔಷಧಿ ಅಂಗಡಿ

ಡಿ ಕಡಿಮೆ ಇದ್ದರೆ ಒಳ್ಳೆಯದು. ಆದರೆ 60,000 ಯೂನಿಟ್‌ನ ಆ ಸ್ಯಾಶೆ ಸಾಮಾನ್ಯವಾಗಿ ವಾರಕ್ಕೆ ಒಂದು, ಅದೂ ಕೆಲವು ವಾರ ಮಾತ್ರ. ಚೀಟಿ ಕಳೆದುಕೊಂಡು ದಿನಾ ಒಂದು ಕುಡಿಯುವವರು ಇದ್ದಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಸುಸ್ತು ಬರುತ್ತೆ, ಕಿಡ್ನಿಗೂ ಪೆಟ್ಟು. ಸುಸ್ತು ಹೋಗಲಿ ಅಂತ ಕುಡಿದದ್ದರಿಂದಲೇ ಸುಸ್ತು.

ಬಾಡಿಗೆ ಮನೆ ಬೆಂಗಳೂರು

ಔಷಧಿ ವಿಷಯ ಅಲ್ಲ, ಆದರೆ ಕೇಳಲೇಬೇಕು. ನಿಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ? ನಾವು ಹಿಂದೆ ಇದ್ದ ಮನೆಯಲ್ಲಿ ಬಚ್ಚಲು ಒಳಗೇ ಗ್ಯಾಸ್ ಗೀಸರ್ ಇತ್ತು, ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುತ್ತಿದ್ದೆವು. ನನ್ನ ಹೆಂಡತಿಗೆ ಆಗಷ್ಟೇ ಮೈಗ್ರೇನ್‌ಗೆ ಮಾತ್ರೆ ಶುರುವಾಗಿತ್ತು. ಸ್ನಾನ ಮಾಡಿ ಬಂದರೆ ತಲೆನೋವು, ಓಕರಿಕೆ, ಸುಸ್ತು. ಎಲ್ಲರೂ ಮಾತ್ರೆಯ ಮೇಲೇ ತಪ್ಪು ಹೊರಿಸಿದೆವು. ಒಂದು ದಿನ ಬಾಗಿಲು ಬಡಿದರೂ ಉತ್ತರ ಬರಲಿಲ್ಲ, ಚಿಲಕ ಮುರಿದು ಎತ್ತಿಕೊಂಡು ಬಂದೆವು. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗೊತ್ತೇ ಆಗಲ್ಲ. ದೇವರ ದಯೆ, ಉಳಿದಳು. ಚಳಿಗಾಲದಲ್ಲಿ ಮಾತ್ರ ಬರುವ ಸುಸ್ತು, ತಲೆನೋವು, ಹೊರಗೆ ಹೋದರೆ ಸರಿಹೋಗುವುದು, ಮನೆಯಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಆಗುವುದು, ಇದ್ದರೆ ಮಾತ್ರೆಯನ್ನು ಅನುಮಾನಿಸೋದಕ್ಕೆ ಮೊದಲು ಗೀಸರ್ ನೋಡಿ. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವವರಿಗೂ ಇದೇ ಮಾತು.

ಕಾಫಿಕಣ

ಓದಿ ಮೈ ಜುಮ್ಮೆಂದಿತು. ನಮ್ಮದು ಹಳೇ ಮನೆ, ಹಂಡೆ ಒಲೆ, ಬಚ್ಚಲು ಹೊರಗೆ, ಹೊಗೆಗೂಡು ಇದೆ. ಹಾಗಾಗಿ ಅದಲ್ಲ. ಆದರೆ ಇದನ್ನು ನಮ್ಮ ಕುಟುಂಬದ ಗ್ರೂಪಿಗೆ ಕಳಿಸಿದೆ, ತಂಗಿ ಮನೆಯಲ್ಲಿ ಅಂಥದ್ದೇ ಗೀಸರ್ ಇದೆ.

ಮಂಡ್ಯ ಮಗಳು

ನನ್ನ ಅಪ್ಪನಿಗೆ 71. ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಬಿಪಿ ಮಾತ್ರೆ. ಈ ಚಳಿಯಲ್ಲಿ ಸುಮ್ನೆ ಕೂತಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡಲ್ಲ, ನಡೆದರೆ ತೂರಾಡುತ್ತಾರೆ. ನೀರು ಕಡಿಮೆ ಕುಡಿಯುತ್ತಾರೆ ಅಂತ ನಾವು ಜಾಸ್ತಿ ಕುಡಿಸುತ್ತಿದ್ದೇವೆ. ಸರಿನಾ?

ನಿವೃತ್ತ ಸಿಸ್ಟರ್

ಮಗಳೇ, ನೀರು ಕುಡಿಸುವುದಕ್ಕೆ ಮೊದಲು ಇವತ್ತೇ ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ಆ ಎರಡನೇ ಹೆಸರು ಮೂತ್ರ ಮಾಡಿಸುವ ಔಷಧಿ. ವಯಸ್ಸಾದವರಲ್ಲಿ ಸೋಡಿಯಂ ಇಳಿಸಿಬಿಡುತ್ತೆ. ಸೋಡಿಯಂ ಇಳಿದಿರುವಾಗ ಬರೀ ನೀರು ಜಾಸ್ತಿ ಕುಡಿಸಿದರೆ ಇನ್ನೂ ಇಳಿಯುತ್ತೆ. ಮಂಪರು, ಮಾತು ತಪ್ಪುವುದು, ತೂರಾಡುವುದು, ಇವನ್ನು ಚಳಿ ಅಂತ ಬಿಡಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಸ್ಟ್ರಿಪ್ ಸಮೇತ ಕರೆದುಕೊಂಡು ಹೋಗಿ. ಬಾಯಿ ಅಥವಾ ಕೈ ಒಂದು ಕಡೆ ವಾಲಿದರೆ ನೇರ ದೊಡ್ಡ ಆಸ್ಪತ್ರೆಗೆ, ಕಾಯಬೇಡಿ.

ಮಂಡ್ಯ ಮಗಳು

ಹೊರಟೆವು ಸಿಸ್ಟರ್.

ಔಷಧಿ ಅಂಗಡಿ

ಕಾಫಿಕಣ ಅವರ ಪಟ್ಟಿಗೆ ವಾಪಸ್ ಬರುತ್ತೇನೆ, ಇನ್ನೂ ಎರಡು ಬಾಕಿ ಇವೆ.

ಒಂದು, ಕ್ಯಾಲ್ಸಿಯಂ. ಥೈರಾಯ್ಡ್ ಮಾತ್ರೆ 6ಕ್ಕೆ, ಕ್ಯಾಲ್ಸಿಯಂ ಎಂಟೂವರೆಗೆ. ಅಂತರ ಎರಡೂವರೆ ಗಂಟೆ. ಬೇಕಾದದ್ದು 4 ಗಂಟೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಹೋಗಿ ಥೈರಾಯ್ಡ್ ಔಷಧಿಯನ್ನು ಹಿಡಿದುಕೊಂಡುಬಿಡುತ್ತೆ, ರಕ್ತಕ್ಕೆ ಹೋಗೋದು ಕಡಿಮೆ. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ನಿಮಗೆ ಕ್ಯಾಲ್ಸಿಯಂ ಶುರುವಾಗಿದ್ದು ಮಳೆಗಾಲ ಮುಗಿದಮೇಲೆ ಅಂದಿರಿ, ಟಿಎಸ್‌ಎಚ್ ನೋಡಿದ್ದು ಆಗಸ್ಟಿನಲ್ಲಿ. ಹಾಗಾದರೆ ಆ 3.1 ಕ್ಯಾಲ್ಸಿಯಂ ಬರೋದಕ್ಕೆ ಮುಂಚಿನದು.

ಎರಡು, ಬಯೋಟಿನ್. ಅದು ಸುಸ್ತು ತರಲ್ಲ, ಆದರೆ ಕೆಲವು ಲ್ಯಾಬ್ ಯಂತ್ರಗಳಿಗೆ ಮೋಸ ಮಾಡುತ್ತೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತೆ. ಅಂದರೆ ಮಾತ್ರೆ ಸಾಲುತ್ತಿಲ್ಲ ಅಂದರೂ ರಿಪೋರ್ಟ್ ಚೆನ್ನಾಗಿದೆ ಅಂತ ಬರಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಿಡಿ, ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲು, ಲ್ಯಾಬಿನವರಿಗೂ ಹೇಳಿ.

ಚಳಿಗಾಲದಲ್ಲಿ ಟಿಎಸ್‌ಎಚ್ ತಾನಾಗೇ ಸ್ವಲ್ಪ ಮೇಲೆ ಇರುತ್ತೆ, ಆರೋಗ್ಯವಂತರಲ್ಲೂ. ಅದಕ್ಕೇ ಒಂದು ರಿಪೋರ್ಟ್ ನೋಡಿ ಡೋಸ್ ಏರಿಸಬೇಕಾ ಅನ್ನುವ ತೀರ್ಮಾನ ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಮತ್ತೆ, ಮೊಂಟೆಲುಕಾಸ್ಟ್ ಬಗ್ಗೆ: ಕೆಲವರಿಗೆ ಕೆಟ್ಟ ಕನಸು, ಮನಸ್ಸು ಕುಗ್ಗುವುದು ಆಗುತ್ತೆ. 2020ರಲ್ಲಿ ಅಮೆರಿಕದಲ್ಲಿ ಅದರ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ದೊಡ್ಡ ಎಚ್ಚರಿಕೆ ಹಾಕಿಸಿದರು, ಬರೀ ಅಲರ್ಜಿ ನೆಗಡಿಗೆ ಬೇರೆ ಔಷಧಿ ನಡೆಯುವುದಾದರೆ ಅದನ್ನೇ ಕೊಡಿ ಅಂತ. ಅಂಥದ್ದು ಏನಾದರೂ ಇದ್ದರೆ ಡಾಕ್ಟರಿಗೆ ಹೇಳಿ.

ಕಾಫಿಕಣ

ಕನಸೇನೂ ಇಲ್ಲ, ಕನಸು ಕಾಣುವಷ್ಟು ಎಚ್ಚರವೂ ಇಲ್ಲ. ಪಟ್ಟಿ ಬರೆದುಕೊಂಡು ಸೋಮವಾರ ಹೋಗುತ್ತೇನೆ. ಬಯೋಟಿನ್ ಇವತ್ತೇ ಬಂದ್.

ಕಾಫಿಕಣ

ಹೋಗಿ ಬಂದೆ, ರಿಪೋರ್ಟೂ ಬಂತು. ತಡವಾಗಿದ್ದಕ್ಕೆ ಬೇಜಾರಾಗಬೇಡಿ, ಸಂಕ್ರಾಂತಿ, ಎಳ್ಳುಬೆಲ್ಲ, ನೆಂಟರು, ನಡುವೆ ಆಳುಗಳೂ ಊರಿಗೆ ಹೋಗಿದ್ದರು.

ಟಿಎಸ್‌ಎಚ್ 5.9. ಹಿಮೋಗ್ಲೋಬಿನ್ 10.2. ಹೆಂಗಸರಿಗೆ 12 ಇರಬೇಕಂತೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅಂತ ಕೇಳಿದರು, ಹೌದು ಅಂದೆ. ಅದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ.

ಡಾಕ್ಟರು ಪಟ್ಟಿ ಓದಿ ಪೆನ್ನಿಂದ ಎರಡು ಸಾಲು ಹೊಡೆದರು. ಶೀತದ ಮಾತ್ರೆ ಬೇಡ. ರಾತ್ರಿ ಅಲರ್ಜಿ ಮಾತ್ರೆ ದಿನಾ ಬೇಡ, ಬದಲಿಗೆ ಮೂಗಿಗೆ ಸ್ಪ್ರೇ ಕೊಟ್ಟಿದ್ದಾರೆ. ಥೈರಾಯ್ಡ್ ಡೋಸ್ ಏರಿಸಲಿಲ್ಲ. ಮೊದಲು ಕ್ಯಾಲ್ಸಿಯಂ ದೂರ ಇಡಿ, 8 ವಾರ ಬಿಟ್ಟು ಮತ್ತೆ ನೋಡೋಣ ಅಂದರು. ಕಬ್ಬಿಣದ ಮಾತ್ರೆ ಸೇರಿಸಿದ್ದಾರೆ.

ಬೆಳಗಿನ ತಲೆಭಾರ ಒಂದೇ ವಾರದಲ್ಲಿ ಹೋಯಿತು, ನಿಜವಾಗಲೂ. ಬಾಯಿ ಒಣಗೋದೂ ಇಲ್ಲ. ಸಂಜೆ ಸುಸ್ತು ಮಾತ್ರ ಹಾಗೇ ಇದೆ. ಅದು ರಕ್ತ ಕಡಿಮೆಯದು, ಏರೋಕೆ ಟೈಮ್ ಬೇಕು ಅಂದರು. ಸೀನು ಸ್ವಲ್ಪ ಜಾಸ್ತಿ ಆಗಿದೆ, ಸ್ಪ್ರೇ ಪೂರ್ತಿ ಕೆಲಸ ಮಾಡೋಕೆ ಒಂದೆರಡು ವಾರ ಬೇಕಂತೆ. ಈಗ ಕಣಕ್ಕೆ ಹೋಗುವಾಗ ಮುಖಕ್ಕೆ ಮಾಸ್ಕ್ ಹಾಕುತ್ತೇನೆ, ಆಳುಗಳು “ಅಮ್ಮಾವ್ರೇ, ಕೊರೊನಾ ಮತ್ತೆ ಬಂತಾ” ಅಂತ ಕೇಳುತ್ತಾರೆ.

ಔಷಧಿ ಅಂಗಡಿಯವರೇ, ಇಷ್ಟೆಲ್ಲಾ ಗಂಟೆ ಲೆಕ್ಕ ಹೇಗೆ ಹೊಂದಿಸಲಿ? ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ, ನಡುವೆ ನಮ್ಮ ಮನೆಯ ಕಾಫಿ. ಕಾಫಿ ಮಾತ್ರ ಬಿಡೋಕಾಗಲ್ಲ, ಬೆಳೆಯೋದೇ ಅದು.

ಔಷಧಿ ಅಂಗಡಿ

ತುಂಬಾ ಸಂತೋಷ ಮೇಡಂ. ಡಾಕ್ಟರು ಬೇರೆ ಏನೂ ಹೇಳಿಲ್ಲ ಅಂದರೆ ಹೀಗೆ ಮಾಡಬಹುದು. 6ಕ್ಕೆ ಥೈರಾಯ್ಡ್, ಈಗಿನ ಹಾಗೇ. ಏಳರ ಹೊತ್ತಿಗೆ ಕಾಫಿ. ಕಬ್ಬಿಣ ಬೆಳಗ್ಗೆ 11ಕ್ಕೆ, ನಿಂಬೆ ಪಾನಕದ ಜೊತೆ ಆದರೆ ಇನ್ನೂ ಒಳ್ಳೆಯದು. ಅದರ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ, ಟೀ, ಹಾಲು ಬೇಡ, ಕಬ್ಬಿಣ ಹೀರಿಕೊಳ್ಳೋದು ಕಡಿಮೆ ಆಗುತ್ತೆ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಒಂದಕ್ಕೊಂದು ಆಗಲ್ಲ, ಅದಕ್ಕೆ ದೂರ ಇಟ್ಟೆ. ಹೊಟ್ಟೆ ಉರಿದರೆ ಕಬ್ಬಿಣ ಊಟ ಆದಮೇಲೆ ತೆಗೆದುಕೊಳ್ಳಿ, ಸ್ವಲ್ಪ ಕಡಿಮೆ ಹೀರಿದರೂ ಪರವಾಗಿಲ್ಲ, ಬಿಟ್ಟುಬಿಡುವುದಕ್ಕಿಂತ ವಾಸಿ. ಮಲ ಕಪ್ಪಾಗುತ್ತೆ, ಹೆದರಬೇಡಿ.

ಥೈರಾಯ್ಡ್ ಮಾತ್ರೆಯ ಕಂಪನಿ ಬದಲಿಸಬೇಡಿ, ಅಂಗಡಿಯವರು ಬೇರೆ ಕೊಟ್ಟರೆ ಬೇಡ ಅನ್ನಿ. ಬಾಟಲಿಯನ್ನು ಒಲೆ ಹತ್ತಿರದ ಗೂಡಿನಲ್ಲಿ ಇಡಬೇಡಿ, ಬಿಸಿ ತೇವ ಎರಡೂ ಅದಕ್ಕೆ ಆಗಲ್ಲ.

ಯಾವುದೇ ಮಾತ್ರೆಯಿಂದ ತೊಂದರೆ ಆಯ್ತು ಅನ್ನಿಸಿದರೆ ರೋಗಿಗಳೇ ನೇರ ತಿಳಿಸಬಹುದು, ಸರ್ಕಾರದ ಫಾರ್ಮಕೋವಿಜಿಲೆನ್ಸ್ ಸಹಾಯವಾಣಿ ಇದೆ, 1800-180-3024. ಕರೆಗೆ ದುಡ್ಡಿಲ್ಲ.

ಮಂಡ್ಯ ಮಗಳು

ಅಪ್ಪನ ಸೋಡಿಯಂ 121 ಇತ್ತು. ಅಡ್ಮಿಟ್ ಮಾಡಿ ಈಗ ಮನೆಗೆ ಬಂದಿದ್ದಾರೆ, ಮಾತ್ರೆ ಬದಲಿಸಿದ್ದಾರೆ. ಬೆಳಗ್ಗೆ ಪೇಪರ್ ಓದಿ ರಾಜಕೀಯದವರಿಗೆ ಬೈದರು. ಸಿಸ್ಟರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ನಿವೃತ್ತ ಸಿಸ್ಟರ್

ಬೈಯಲಿ ಬಿಡಮ್ಮ, ಚೆನ್ನಾಗಿ ಬೈಯಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತೆ ರಕ್ತ ಪರೀಕ್ಷೆ ಯಾವತ್ತು ಅಂತ ಬರೆದಿರುತ್ತಾರೆ, ತಪ್ಪಿಸಬೇಡಿ.

ತುಮಕೂರು ತೆಂಗು

ಕಾಫಿಕಣ ಮೇಡಂ, ಮೂಗಿನ ಸ್ಪ್ರೇ ಚಟ ಆಗುತ್ತೆ ಅಂತ ಕೇಳಿದ್ದೇನೆ, ಹುಷಾರು.

ಔಷಧಿ ಅಂಗಡಿ

ಚಟ ಹಿಡಿಸೋದು ಬೇರೆ ಸ್ಪ್ರೇ ಸರ್. ಹಾಕಿದ ಕೂಡಲೇ ಮೂಗು ಫಳಾರ್ ಅಂತ ಬಿಡುತ್ತಲ್ಲ, ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್, ಅವನ್ನು ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಬಿಟ್ಟಾಗ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತೆ. ಫ್ಲುಟಿಕಾಸೋನ್, ಮೊಮೆಟಾಸೋನ್ ತರದ ಸ್ಟೀರಾಯ್ಡ್ ಸ್ಪ್ರೇಗೆ ಆ ತೊಂದರೆ ಇಲ್ಲ, ನಿಧಾನಕ್ಕೆ ಕೆಲಸ ಮಾಡುತ್ತೆ, ದಿನಾ ಹಾಕಬೇಕು. ಮೂಗಿನ ನಡುಗೋಡೆಗೆ ಹೊಡೆಯದೆ ಸ್ವಲ್ಪ ಹೊರಗಡೆ ತಿರುಗಿಸಿ ಹಾಕಿ, ಇಲ್ಲದಿದ್ದರೆ ರಕ್ತ ಬರುತ್ತೆ.

ಕಾಫಿಕಣ

ನನ್ನದು ಫ್ಲುಟಿಕಾಸೋನ್, ಬಾಟಲಿ ಕೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ನೇರ ಹೊಡೆಯುತ್ತಿದ್ದೆ, ಇನ್ನು ತಿರುಗಿಸಿ ಹಾಕುತ್ತೇನೆ. 8 ವಾರ ಆದಮೇಲೆ ಟಿಎಸ್‌ಎಚ್ ಬಂದರೆ ಇಲ್ಲೇ ಹಾಕುತ್ತೇನೆ.